ಪ್ಲಾನಿನಲ್ಲಿ ಇಲ್ಲದ ಅಡುಗೆಮನೆ

17 ಜನವರಿ 1998, ಶನಿವಾರ. ಚಾಮರಾಜನಗರ

ಬೆಳಗಿನ ಸ್ಕೂಲ್ ಮುಗಿಸಿ ಓಡಿ ಬಂದರೂ ಬಸ್ಸಿನಲ್ಲಿ ಸೀಟಿಲ್ಲ. ಗುಂಡ್ಲುಪೇಟೆಯಿಂದ ತೆರಕಣಾಂಬಿವರೆಗೆ ನಿಂತೇ ಬಂದೆ. ವಾರವೆಲ್ಲ ಅಲ್ಲಿ ರೂಮು, ಶನಿವಾರ ಮನೆ. ಒಂದು ಹೆಗಲಿಗೆ ಎಂಟನೇ ಕ್ಲಾಸಿನ ಟೆಸ್ಟ್ ಪೇಪರ್, ಇನ್ನೊಂದು ಕಂಕುಳಲ್ಲಿ ನಕ್ಷೆಯ ರೋಲು. ಕಂಡಕ್ಟರ್ ಅದನ್ನು ನೋಡಿ ಕ್ಯಾಲೆಂಡರ್ ಮಾರುವವಳು ಅಂದುಕೊಂಡ.

ಪುರಸಭೆಯಲ್ಲಿ ಕೊನೆಗೂ ಲೈಸೆನ್ಸ್ ಕೊಟ್ಟರು. ಕಳೆದ ವರ್ಷ ಜಿಲ್ಲೆ ಆದ ಮೇಲೆ ಎಲ್ಲ ಬಿಗಿ. ಖಾತೆ ತನ್ನಿ, ಕಂದಾಯದ ರಸೀದಿ ತನ್ನಿ, ನಕ್ಷೆಯಲ್ಲಿ ಕಕ್ಕಸಿನ ಗುಂಡಿ ಎಲ್ಲಿ ತೋರಿಸಿ... ತೋರಿಸಿದೆ. ಯಾರ ಕೈಕಾಲೂ ಹಿಡಿಯಲಿಲ್ಲ, ಯಾರ ಶಿಫಾರಸೂ ಇಲ್ಲ. ಕಾಗದದ ಮೇಲೆ ‘ಶ್ರೀಮತಿ ಮಂಗಳಗೌರಿ, ಸಹಶಿಕ್ಷಕಿ’ ಅಂತ ಇದೆ. ಮೊಳೆ ಹೊಡೆಯಬೇಕಾದರೂ ಓನರ್ ಮುಖ ನೋಡುವ ಬಾಡಿಗೆ ಮನೆಗಳು ಇನ್ನು ಸಾಕು. ಖುಷಿ ಆಗಿದೆ. ಆಗಿದೆ ಅಂತ ಬರೆದಿಡುತ್ತಿದ್ದೇನೆ.

ಇವರು ಗೊಬ್ಬರದ ಅಂಗಡಿ ಮುಚ್ಚಿ ಬಂದಾಗ ನಕ್ಷೆ ಹಾಸಿ ಪಾಠ ಮಾಡಿದೆ. ಮೂವತ್ತು ನಲವತ್ತರ ಸೈಟು. ಮುಂದೆ ಐದಡಿ, ಹಿಂದೆ ಐದಡಿ, ಎರಡು ಪಕ್ಕ ಮೂರು ಮೂರಡಿ ಖಾಲಿ ಬಿಡಬೇಕು. ಅದಕ್ಕೆ ಸೆಟ್‌ಬ್ಯಾಕ್ ಅನ್ನುವುದು. ಒಂದು ಸಂಸಾರ, ಒಂದು ಅಡುಗೆಮನೆ.

“ಇಂದ್ಗಡೆ ಐದಡಿ ಯಾರ್ಗೆ ಬುಡೋದು ಗೌರಿ, ನಾಯಿಗಾ?”

“ಗಾಳಿಗೆ.”

“ಗಾಳಿ ಸೈಟ್ಗೆ ದುಡ್ ಕೊಟ್ಟಿತ್ತಾ?”

ಗಾಳಿ ಕೊಡಲಿಲ್ಲ, ನಾನು ಕೊಟ್ಟೆ, ನಾನು ಯಾರಿಗೆ ಬೇಕಾದರೂ ಬಿಡುತ್ತೇನೆ ಅಂದೆ. ನಕ್ಕರು. ಅತ್ತೆಯೂ ನಕ್ಕರು. ಮೂವರೂ ಒಟ್ಟಿಗೆ ನಕ್ಕು ಎಷ್ಟು ದಿನವಾಗಿತ್ತೋ.

15 ಮಾರ್ಚ್, ಭಾನುವಾರ

ಇವತ್ತು ವಾಸಕಲ್ಲು ನಿಲ್ಲಿಸಿದರು. ಹೊಸ ಬಾಗಿಲ ಚೌಕಟ್ಟಿಗೆ ಅರಿಸಿನ, ಕುಂಕುಮ, ಮಾವಿನೆಲೆ. ಮೂಗಯ್ಯ ಮೇಸ್ತ್ರಿ ತೂಗುಗುಂಡು ಬಿಟ್ಟು ನೋಡಿ ಸರಿ ಅಂದ. ಚೌಕಟ್ಟಿನ ಕೆಳಗೆ ನವಧಾನ್ಯ ಹಾಕಿದೆ.

ಪೂಜೆ ಮುಗಿದ ಮೇಲೆ ಅತ್ತೆ ಹೊಸ ವರಸೆ ತೆಗೆದರು.

“ಇನ್ನು ಆಲುಕ್ಕಿಸೋ ಗಂಟ ನೀ ಒಳಕ್ಕೆ ಕಾಲಿಡಂಗಿಲ್ಲ ಕಣವ್ವ. ವಾಸಕಲ್ಲು ನಿಂತ ಮ್ಯಾಲೆ ಮನೆ ಒಡ್ತಿ ಬರಿಗೈಲಿ ಒಳಕ್ಕೋದ್ರೆ ಮನೆಗೆ ಏಳ್ಗೆ ಇಲ್ಲ. ನಮ್ಮನೇಲಿ ಮೊದ್ಲಿಂದ್ಲೂ ಇಂಗೇಯ.”

ನನ್ನ ಊರಾದ ಉಮ್ಮತ್ತೂರಿನಲ್ಲಿ ಇಂಥದ್ದು ಕೇಳಿಲ್ಲ. ಹಾಗಾದರೆ ಕೆಲಸ ಹೇಗೆ ನೋಡುವುದು ಅಂದೆ. ನಾನಿಲ್ವಾ ಅಂದರು ಇವರು. ಮೂಗಯ್ಯ ಗಾರೆ ಕಲಸುವುದನ್ನೇ ನೋಡುತ್ತಿದ್ದ.

ಇರಲಿ. ಮಕ್ಕಳಾಗಲಿಲ್ಲ ಅಂತ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಎದುರಿಗೆ ಆಡದ ಅತ್ತೆ. ಅವರಿಗಾಗಿ ಇಷ್ಟು ನಡೆಸಿಕೊಡದಿದ್ದರೆ ಹೇಗೆ? ಪುರಸಭೆಯ ಷರತ್ತು ಹದಿನಾಲ್ಕು ಒಪ್ಪಿಲ್ಲವೇ. ಇದು ಹದಿನೈದನೆಯದು.

29 ಮಾರ್ಚ್

ರಸ್ತೆಯಲ್ಲೇ ನಿಂತು ಮನೆ ನೋಡಿದೆ. ಗೋಡೆ ಸಜ್ಜಾವರೆಗೆ ಬಂದಿದೆ. ಮುಂದಿನ ಐದಡಿ ಸರಿಯಾಗಿ ಬಿಟ್ಟಿದ್ದಾರೆ, ಹೆಜ್ಜೆಯಲ್ಲಿ ಅಳೆದೆ. ಹಿಂದೆ? “ಇಂದೂ ಅಷ್ಟೇಯ, ನಂಬಿಕೆ ಇಲ್ವಾ?” ಅಂದರು ಇವರು. ನಂಬಿಕೆ ಇಲ್ಲದಿದ್ದರೆ ಪಿ.ಎಫ್. ಹಣ, ಬ್ಯಾಂಕಿನ ಸಾಲ ಎಲ್ಲ ತಂದು ಸುರಿಯುತ್ತಿದ್ದೆನೇ.

ಮುಂದಿನ ವಾರದಿಂದ ಪರೀಕ್ಷೆ, ಆಮೇಲೆ ಮೈಸೂರಿನಲ್ಲಿ ಪೇಪರ್ ವ್ಯಾಲ್ಯುಯೇಶನ್.

3 ಮೇ, ಭಾನುವಾರ. ಉಮ್ಮತ್ತೂರು

ರಜೆಯಲ್ಲಿ ಚಾಮರಾಜನಗರದಲ್ಲಿ ಇದ್ದು ಕಿಟಕಿ ಬಾಗಿಲು ಆರಿಸಬೇಕು ಅಂದುಕೊಂಡಿದ್ದೆ. ಆಗಲಿಲ್ಲ. ಅವ್ವನಿಗೆ ಮಂಡಿನೋವು, ಬಾ ಅಂತ ಹೇಳಿ ಕಳಿಸಿತು. ಬಂದು ನೋಡಿದರೆ ಕೊಟ್ಟಿಗೆಗೂ ಹಿತ್ತಿಲಿಗೂ ಓಡಾಡುತ್ತಲೇ ಇದೆ. ಹೊರಡುತ್ತೇನೆ ಅಂದಾಗ ಮಾತ್ರ ಮಂಡಿ ಹಿಡಿದು ಕೂರುತ್ತದೆ. ವಯಸ್ಸಾದ ಮೇಲೆ ಮಗಳು ಹತ್ತಿರ ಇರಲಿ ಅನ್ನುವ ಆಸೆ, ಪಾಪ.

ತಂಗಿ ಕುಮಾರಿ ನನ್ನ ಹಿಂದೆ ಹಿಂದೆಯೇ. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಎಲ್ಲೂ ಸಂಬಂಧ ಕೂಡಿಬಂದಿಲ್ಲ. ಎಣ್ಣೆ ಹಚ್ಚುತ್ತಾಳೆ, ಗೃಹಪ್ರವೇಶಕ್ಕೆ ಅಂತ ನನ್ನ ರವಿಕೆ ತಾನೇ ಹೊಲಿದಳು. ಬೆಳಿಗ್ಗೆ ಇದ್ದಕ್ಕಿದ್ದಂತೆ ಕಾಲಿಗೆ ಬಿದ್ದಳು.

“ಏನಮ್ಮಿ ಇದು? ಅಬ್ಬವಾ ಇವತ್ತು?”

“ಸುಮ್ಕೆ ಅಕ್ಕ. ನಿನ್ನಂತೋಳು ಇಲ್ಲ ಅನ್ನುಸ್ತು.”

ಬೆನ್ನಿಗೆ ಒಂದು ಗುದ್ದಿ ಎಬ್ಬಿಸಿದೆ. ಒಳ್ಳೆಯ ಹುಡುಗಿ. ಅವಳಿಗೊಂದು ದಾರಿ ಆಗಬೇಕು.

6 ಜುಲೈ, ಸೋಮವಾರ. ಗುಂಡ್ಲುಪೇಟೆ

ಸ್ಟಾಫ್‌ರೂಮಿಗೆ ರಿಜಿಸ್ಟರ್ಡ್ ಪೋಸ್ಟ್. ಪುರಸಭೆಯ ನೋಟಿಸು! ಅರ್ಜಿಯಲ್ಲಿ ಸ್ಕೂಲಿನ ವಿಳಾಸ ಕೊಟ್ಟಿದ್ದೆ, ಅದಕ್ಕೆ ಇಲ್ಲಿಗೆ. ‘ಮಂಜೂರಾದ ನಕ್ಷೆಗೆ ವಿರುದ್ಧವಾಗಿ ಹಿಂಭಾಗದ ಸೆಟ್‌ಬ್ಯಾಕಿನಲ್ಲಿ ಒಂದು ಕೊಠಡಿ, ಎರಡನೇ ಅಡುಗೆಮನೆ ಹಾಗೂ ಪ್ರತ್ಯೇಕ ಬಾಗಿಲು ನಿರ್ಮಿಸಿರುತ್ತೀರಿ.’ ಏಕೆ ತೆರವುಗೊಳಿಸಬಾರದು, ಕಾರಣ ಹೇಳಿ.

ನಿರ್ಮಿಸಿರುತ್ತೀರಂತೆ. ಮೈಯೆಲ್ಲ ಉರಿಯಿತು. ಪಕ್ಕದ ಸೈಟಿನದು ನನ್ನ ತಲೆಗೆ ಕಟ್ಟಿದ್ದಾರೆ, ಅಷ್ಟೇ. ಸುಂದ್ರಮ್ಮ ಟೀಚರ್, ಇಲ್ಲಿ ನನ್ನ ರೂಮ್‌ಮೇಟ್, “ನಿಮ್ಮ ಯಜಮಾನ್ರನ್ನ ಒಂದ್ಸಲ ಕೇಳಿ” ಅಂದಳು. ಕೇಳುವುದೇನು? ಇಡೀ ಚಾಮರಾಜನಗರದಲ್ಲಿ ನಕ್ಷೆಯ ಪ್ರಕಾರ ಕಟ್ಟಿದ ಮನೆ ಒಂದಿದ್ದರೆ ಅದು ನಂದು ಅಂದೆ. ಸ್ಟಾಫ್‌ರೂಮಿನಲ್ಲಿ, ಎಲ್ಲರ ಮುಂದೆ, ಗಟ್ಟಿಯಾಗಿ.

ಬುಧವಾರ ಸಿ.ಎಲ್. ಹಾಕಿದ್ದೇನೆ. ಹೋಗಿ ಜಾಡಿಸಿ ಬರುತ್ತೇನೆ.

8 ಜುಲೈ, ಬುಧವಾರ. ಮಧ್ಯಾಹ್ನ

ಜಾಡಿಸಿದೆ. ಓವರ್ಸಿಯರ್ ಪೂರ್ತಿ ಕೇಳಿಸಿಕೊಂಡ. “ಬನ್ನಿ ಮೇಡಂ, ತೋರುಸ್ತೀನಿ” ಅಂದ. ಮುಂಬಾಗಿಲಿಂದ ಅಲ್ಲ, ಹಿಂದಿನ ಓಣಿಯಿಂದ ಕರೆದುಕೊಂಡು ಹೋದ.

ಇದೆ.

ಐದಡಿ ಪೂರ್ತಿ ಮುಚ್ಚಿದ್ದಾರೆ, ಕಾಂಪೌಂಡಿಗೆ ಗೋಡೆ ತಾಗಿದೆ. ಓಣಿಗೆ ಬೇರೆ ಬಾಗಿಲು, ಮುಂದಿನ ಮನೆಗೆ ಒಂದು ಒಳಬಾಗಿಲು. ಒಳಗೆ ಒಂದು ಕೋಣೆ, ಒಂದು ಬಚ್ಚಲು. ಉದ್ದಕ್ಕೆ ಅಡುಗೆಮನೆ, ಕಡಪ ಕಲ್ಲು ಹಾಸಿದ ಕಟ್ಟೆ. ಕಟ್ಟೆ ನನ್ನ ಸೊಂಟಕ್ಕೂ ಬರುವುದಿಲ್ಲ, ಅಷ್ಟು ಗಿಡ್ಡ. ಇದ್ಯಾವ ಮೇಸ್ತ್ರಿ ಕಟ್ಟಿದ ಕಟ್ಟೆ ಅಂತ ಆಗಲೂ ತಪ್ಪೇ ಹುಡುಕುತ್ತಿದ್ದೆ.

“ಇನ್ನೊಂದ್ ಅಡುಗೆಮನೆ ಅಂದ್ರೆ ಇನ್ನೊಂದ್ ಸಂಸಾರ ಮೇಡಂ,” ಅಂದ ಓವರ್ಸಿಯರ್. ನಿಯಮ ಹೇಳುತ್ತಿದ್ದ, ಅಷ್ಟೇ.

ಮೂಗಯ್ಯ ಮೆಟ್ಟಿಲ ಹತ್ತಿರ ಇದ್ದ. ಯಾರಿಗೆ ಇದು ಅಂದೆ. “ಯಜಮಾನ್ರು ಯೋಳಿದ್ರು, ಕಟ್ದೊ ಕಣವ್ವ” ಅಂದ. ಕಣ್ಣಿಗೆ ಕಣ್ಣು ಕೊಡಲಿಲ್ಲ.

ಅದೇ ದಿನ, ಸಂಜೆ

ಬಾಡಿಗೆಗಂತೆ. ಸಾಲದ ಕಂತಿಗೆ ಆಗುತ್ತೆ ಅಂತ. ನನಗೆ ಹೇಳಿದರೆ ರೂಲ್ಸ್ ಮಾತಾಡುತ್ತೇನೆ, ಅದಕ್ಕೇ ಹೇಳಲಿಲ್ಲವಂತೆ. “ಪೈನ್ ಕಟ್ಟುದ್ರೆ ಆಯ್ತದೆ ಗೌರಿ. ಆವೂ ಸಾಯ್ಬೇಕು, ಕೋಲೂ ಮುರೀಬಾರ್ದು.” ಅತ್ತೆ ರಾಗಿ ಕೇರುತ್ತ ಕುಳಿತಿದ್ದವರು ತಲೆ ಎತ್ತಲಿಲ್ಲ.

ಸುಳ್ಳು ಹೇಳಿದಿರಿ ಅಂತ ಕೂಗಾಡಿದೆ. ನಿಜ ಬರೆಯಬೇಕೆಂದರೆ, ಬಾಡಿಗೆ ಅಂದ ತಕ್ಷಣ ಎದೆಯಿಂದ ಏನೋ ಇಳಿದಂತಾಯಿತು. ಏನು ಅಂತ ಯೋಚಿಸಲಿಲ್ಲ.

12 ಜುಲೈ, ಭಾನುವಾರ. ಉಮ್ಮತ್ತೂರಿನಿಂದ ಬರುವ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ಕುಣಿಯಲಿ.

ಅವ್ವನ ಹತ್ತಿರ ಹೇಳಿಕೊಂಡು ಅಳಬೇಕು ಅಂತ ಹೋದೆ. ಅವ್ವ ಹೊಲಕ್ಕೆ ಹೋಗಿತ್ತು. ಕುಮಾರಿ ನೀರು ತಂದುಕೊಟ್ಟಳು. ಹಿಂದೆ ಬಾಡಿಗೆಗೆ ಅಂತ ಒಂದು ಮನೆ ಕಟ್ಟಿದ್ದಾರೆ ಕಣೇ ಅಂತ ಶುರು ಮಾಡಿದೆ.

“ಬಾಡಿಗ್ಗಾ?” ಅಂದಳು. ಆಮೇಲೆ ನಾಚಿಕೊಂಡು, “ಕಟ್ಟೆ ಎತ್ರ ಸರ್ಯಾಗದಾ ಅಕ್ಕ? ನಂಗೆ ಎಟುಕ್ಲಿ ಅಂತ ನೀನೇ ಅಳ್ತೆ ಯೋಳ್ದೆ ಅಂದ್ರು ಬಾವ.”

ಕುಮಾರಿ ನನ್ನ ಹೆಗಲಿಗೂ ಬರುವುದಿಲ್ಲ.

ಅವಳೇ ಮಾತಾಡುತ್ತಾ ಹೋದಳು. ಯುಗಾದಿಗೆ ಮುಂಚೆ ಭಾವ ಬಂದಿದ್ದರಂತೆ, ಅತ್ತೆಯೂ. ಅಕ್ಕನೇ ಒಪ್ಪಿದ್ದಾಳೆ, ಅಕ್ಕನೇ ಹಿಂದೆ ಬೇರೆ ಮನೆ ಕಟ್ಟಿಸಿ ಕೊಡುತ್ತಾಳೆ ಅಂದರಂತೆ. ಅಕ್ಕನಿಗೆ ಸಂಕಟ ಇರುತ್ತೆ, ಅವಳ ಹತ್ತಿರ ಈ ಮಾತು ಎತ್ತಬೇಡ ಅಂದಿತಂತೆ ಅವ್ವ. ಕಾಲಿಗೆ ಬಿದ್ದದ್ದು ಅದಕ್ಕೆ.

ನನ್ನ ಮುಖ ನೋಡಿ ನಿಲ್ಲಿಸಿದಳು.

“ಅಕ್ಕ... ನೀ ಒಪ್ಪಿರ್ನಿಲ್ವಾ?”

ಚೊಂಬು ಕೆಳಗಿಟ್ಟು ಎದ್ದು ಬಂದೆ. ಅವ್ವ ಹೊಲದಿಂದ ಬರುವುದನ್ನು ದೂರದಿಂದ ನೋಡಿದೆ. ನೆಟ್ಟಗೆ ನಡೆಯುತ್ತಿತ್ತು. ಮಂಡಿನೋವಿಲ್ಲ, ಏನಿಲ್ಲ.

22 ಜುಲೈ, ಬುಧವಾರ

ಹತ್ತು ದಿನ ಬರೆಯಲಿಲ್ಲ. ಕ್ಲಾಸ್ ಮಾಡಿದೆ. ತ್ರಿಭುಜ, ಬಾಹು, ಕೋನ. ಬಂದು ಮಲಗಿದೆ. ಪೊಲೀಸಿಗೆ ಹೋಗಿ ಅಂತಾಳೆ ಸುಂದ್ರಮ್ಮ, ಎರಡನೇ ಮದುವೆ ಕಾನೂನಲ್ಲಿ ಇಲ್ಲವಲ್ಲ ಅಂತ. ಮದುವೆ ಇನ್ನೂ ಆಗಿಲ್ಲ. ಯಾರ ಮೇಲೆ ಕಂಪ್ಲೇಂಟ್ ಬರೆಯಲಿ, ಅವ್ವನ ಮೇಲೋ?

ಇವತ್ತು ಎಲ್ಲರೂ ಇಲ್ಲಿಗೇ, ಗುಂಡ್ಲುಪೇಟೆಯ ರೂಮಿಗೇ ಬಂದರು. ಅತ್ತೆ, ಅವ್ವ, ಮತ್ತೆ... ಇವರು ಅಂತ ಬರೆಯಲು ಕೈ ಬರುತ್ತಿಲ್ಲ. ಶಶಿಕುಮಾರ. ಕೈಯಲ್ಲಿ ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳುವ ಅರ್ಜಿ. ಮನೆ ನನ್ನ ಹೆಸರಲ್ಲಿ ಇರುವುದರಿಂದ ರುಜು ನಂದೇ ಬೇಕು.

ಅವ್ವನೇ ಮೊದಲು ಬಾಯಿ ತೆಗೆಯಿತು. “ನಿನ್ ಒಳ್ಳೇದ್ಕೇ ಕಣವ್ವ. ನಿಮ್ಮತ್ತೆ ಬ್ಯಾರೆ ಎಲ್ಲೋ ಎಣ್ಣು ನೋಡಿದ್ಲು. ಎಲ್ಲಿಂದ್ಲೋ ಬಂದೋಳು ನಿನ್ನ ಈಚ್ಗೆ ತಳ್ಳೋಕಿಂತ ಒಡುಟ್ಟಿದೋಳಾದ್ರೆ ವಯಸ್ಸಾದ ಕಾಲ್ದಲ್ಲಿ ಒಂದ್ ತುತ್ತು ಅನ್ನ ಆಕ್ತಾಳೆ ಅಂತ...”

“ಅನ್ನ ನನ್ನ ಸಂಬಳದ್ದು ಅವ್ವ. ನನಗೆ ಯಾರು ಹಾಕಬೇಕು?”

“ಒಂದ್ ಮಗ ಆದ್ರೆ ನಿಂಗೂ ಮಗನೇ ಅಲ್ವಾ,” ಅಂದರು ಅತ್ತೆ. ಹನ್ನೊಂದು ವರ್ಷ ಆಡದೆ ಇದ್ದದ್ದು ನನ್ನ ಮೇಲಿನ ಪ್ರೀತಿಗೆ ಅಂದುಕೊಂಡಿದ್ದೆ. ಕೂಡಿಡುತ್ತಿದ್ದರು.

ಶಶಿಕುಮಾರ ಪೆನ್ನು ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟ. “ನಾ ನಿನ್ನ ಬುಟ್ಟೋಯ್ತೀನಿ ಅಂದ್ನಾ? ಮುಂದ್ಗಡೆ ನೀನು, ಇಂದ್ಗಡೆ ಅವ್ಳು. ಬ್ಯಾರೆ ಬಾಗ್ಲು, ಬ್ಯಾರೆ ಒಲೆ. ನಿಂಗೆ ಒಂಚೂರೂ ತೊಂದ್ರೆ ಇಲ್ದಂಗೆ ಕಟ್ಸಿವ್ನಿ.”

ಅಚ್ಚುಕಟ್ಟಾಗಿ ಮೋಸ ಮಾಡಿದ್ದೇನೆ, ಮೆಚ್ಚಿಕೋ ಅನ್ನುವ ಹಾಗೆ ಹೇಳಿದ. ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಅವನ ಜೇಬಿಗೆ ಸಿಕ್ಕಿಸಿದೆ. ಅವ್ವನಿಗೆ ಕಾಫಿ ಕೂಡ ಕೊಡಲಿಲ್ಲ. ಕೊನೇ ಬಸ್ಸಿಗೆ ಹೋದರು.

27 ಜುಲೈ, ಸೋಮವಾರ. ಚಾಮರಾಜನಗರ

ವಿಚಾರಣೆ. ಮುಖ್ಯಾಧಿಕಾರಿ ಕನ್ನಡಕದ ಮೇಲಿಂದ ನೋಡಿದರು.

“ಹಿಂದಿನ ಸೆಟ್‌ಬ್ಯಾಕ್ ಪೂರ್ತಿ ಹೋಗಿದೆ. ದಂಡ ಕಟ್ತೀನಿ ಅಂತ ಅರ್ಜಿ ಕೊಟ್ರೆ ಪರಿಶೀಲಿಸಬಹುದು. ಇಲ್ಲ ಅಂದ್ರೆ ತೆಗೀಲೇಬೇಕು. ಏನ್ ಮಾಡ್ತೀರ?”

“ತೆಗೆಸ್ತೀನಿ ಸಾರ್.”

“ಯಜಮಾನ್ರು ಬೇರೆ ಹೇಳಿದ್ರಲ್ಲ.”

“ಲೈಸೆನ್ಸ್ ಯಾರ ಹೆಸರಲ್ಲಿದೆ ಸಾರ್?”

ಬರೆದುಕೊಂಡರು. ಎರಡು ವಾರ ಟೈಮು. ನಾನೇ ತೆಗೆಸದಿದ್ದರೆ ಪುರಸಭೆಯೇ ತೆಗೆಯುತ್ತದೆ. ಹೊರಗೆ ಬಂದು ಕಬ್ಬಿನ ಹಾಲು ಕುಡಿದೆ. ಎಷ್ಟೋ ದಿನದ ಮೇಲೆ ನಾಲಿಗೆಗೆ ರುಚಿ ಗೊತ್ತಾಯಿತು. ಆ ಗೋಡೆ ಬಿದ್ದರೆ ಎಲ್ಲ ಮೊದಲಿನಂತೆ ಆಗುತ್ತದೆ ಅನ್ನಿಸುತ್ತಿದೆ. ಆಗುವುದಿಲ್ಲ ಅಂತಲೂ ಗೊತ್ತು.

9 ಆಗಸ್ಟ್, ಭಾನುವಾರ

ಒಡೆಯಲು ಆಳು ಬೇಕು ಅಂತ ಮೂಗಯ್ಯನ ಮನೆಗೇ ಹೋದೆ. ಕೈ ಮುಗಿದ.

“ಆಗಕ್ಕಿಲ್ಲ ಕಣವ್ವ. ಸುಕ್ರವಾರ ನಿಮ್ಮತ್ತೆ ದೊಡ್ಡಮಲ್ಲಮ್ಮನೋರು ಆ ಕಟ್ಟೆ ಮ್ಯಾಲೆ ಇಟ್ಗೆ ಜೋಡ್ಸಿ ಆಲುಕ್ಕುಸ್ಬುಟ್ರು. ಆಲುಕ್ಕಿದ ಒಲೆಗೆ ಆರೆ ಆಕಿದ್ರೆ ನಮ್ ಮಕ್ಳುಮರಿಗೆ ಒಳ್ಳೇದಾಯ್ತದಾ?”

ಮುಂದಿನ ಅಡುಗೆಮನೆ, ನನ್ನದು, ಪ್ಲಾನಿನಲ್ಲಿ ಇರುವುದು, ಅಲ್ಲಿ ಇನ್ನೂ ಒಂದು ಬೆಂಕಿಕಡ್ಡಿ ಗೀರಿಲ್ಲ. ಕಾಯಿಸಿ ಉಕ್ಕಿಸಿದ್ದು ಹಿಂದೆ. ಅತ್ತೆಯ ತಲೆ ಅಂದರೆ ತಲೆ. ಕೋರ್ಟಿನ ಸ್ಟೇ ತಂದಿದ್ದರೂ ಇಷ್ಟು ಗಟ್ಟಿ ಇರುತ್ತಿರಲಿಲ್ಲ.

ಬೇರೆ ಇಬ್ಬರು ಮೇಸ್ತ್ರಿಗಳನ್ನು ಕೇಳಿದೆ. ಒಬ್ಬ ಹಾಲಿನ ಸುದ್ದಿ ಕೇಳಿ ಒಲ್ಲೆ ಅಂದ. ಇನ್ನೊಬ್ಬನಿಗೆ ಮೊದಲೇ ಗೊತ್ತಿತ್ತು.

12 ಆಗಸ್ಟ್, ಬುಧವಾರ

ಮತ್ತೆ ಪುರಸಭೆ. ಗಡುವು ಮುಗಿದಿದೆ, ನೀವೇ ತೆಗೆಯಿರಿ ಅಂತ ಬರೆದುಕೊಟ್ಟೆ. ಸೋಮವಾರ ಗ್ಯಾಂಗ್ ಕಳಿಸುತ್ತೇವೆ ಅಂದರು. ಗ್ಯಾಂಗಿನವರೂ ಈ ಊರಿನವರೇ ತಾನೇ. ಓವರ್ಸಿಯರ್ ಹಿಂದೆಯೇ ಬಂದು ಮೆಲ್ಲಗೆ ಹೇಳಿದ: “ಮೊದಲ್ನೇ ಏಟು ನೀವೇ ಹಾಕ್ಬುಡಿ ಮೇಡಂ. ಆಮೇಲೆ ನಮ್ಮೋರು ಮಾಡ್ತಾರೆ. ಓನರ್ ಹಾಕಿದ್ರೆ ಅವರ್ಗೆ ದೋಷ ಇಲ್ವಂತೆ.”

ದೋಷ ಎಲ್ಲ ನನಗೇ ಇರಲಿ. ಇನ್ನು ಒಂದು ಹೆಚ್ಚಾದರೆ ಏನು.

15 ಆಗಸ್ಟ್, ಶನಿವಾರ. ಗುಂಡ್ಲುಪೇಟೆ

ಧ್ವಜಾರೋಹಣ. ಮಕ್ಕಳಿಗೆ ಮಿಠಾಯಿ ಹಂಚಿದೆ. ಶಶಿಕುಮಾರ ಅಂಗಡಿಯಿಂದ ಸ್ಕೂಲಿಗೆ ಫೋನ್ ಮಾಡಿದ್ದ. ನಿನ್ನೆ ಆಯಿತಂತೆ. ಬೆಟ್ಟದ ದೇವಸ್ಥಾನದಲ್ಲಿ. ಅವ್ವ ಧಾರೆ ಎರೆಯಿತಂತೆ.

“ಕುಮಾರಿ ಒಪ್ಪಿದಳಾ?” ಅಂದೆ.

“ಒಪ್ದೆ ಎತ್ಕೊಂಡೋಗಿ ಕಟ್ಟಕ್ಕಾಯ್ತದಾ?”

ಅವಳಿಗೆ ಗೊತ್ತಿತ್ತು. ನಾನು ಒಪ್ಪಿರಲಿಲ್ಲ ಅಂತ ಆ ದಿನ ನನ್ನ ಮುಖ ನೋಡಿಯೇ ಗೊತ್ತಾಗಿತ್ತು. ಗೊತ್ತಾದ ಮೇಲೂ ಒಂದು ತಿಂಗಳು ಇತ್ತು. ಒಂದು ಬಸ್ ಹತ್ತಿ ಬರಲಿಲ್ಲ. ಗಂಡ ಹೋದದ್ದಕ್ಕೆ ಸಿಟ್ಟು ಬಂತು. ಅತ್ತೆಗೆ ಶಾಪ ಹಾಕಿದೆ. ಅವ್ವನ ಹೆಸರು ಎತ್ತಬೇಡ ಅಂತ ಸುಂದ್ರಮ್ಮನಿಗೆ ಹೇಳಿದೆ. ಕುಮಾರಿಗೆ ಮಾತ್ರ ಅಳು ಬಂತು. ನಾನು ಹೇನು ಹೆಕ್ಕಿ ಜಡೆ ಹಾಕಿದ ಹುಡುಗಿ.

ಒಂದು ಹಾರೆ ಕೊಂಡುತಂದೆ.

17 ಆಗಸ್ಟ್, ಸೋಮವಾರ. ಬೆಳಿಗ್ಗೆ 10. ಸೈಟಿನಲ್ಲಿ

ಗ್ಯಾಂಗ್ ಟೀಗೆ ಹೋಗಿದೆ. ಜಗಲಿ ಮೇಲೆ ಕುಳಿತು ಬರೆಯುತ್ತಿದ್ದೇನೆ. ಬರಹ ಕೆಟ್ಟದಾಗಿದೆ, ಅಂಗೈಯಲ್ಲಿ ಬೊಕ್ಕೆ ಎದ್ದಿದೆ.

ಓಣಿಯಿಂದ ಹೋದೆ. ಹಿಂದಿನ ಬಾಗಿಲು ತೆರೆದಿತ್ತು. ಒಳಗೆ ಹೊಗೆ. ಕುಮಾರಿ ಆ ಗಿಡ್ಡ ಕಟ್ಟೆಯ ಮುಂದೆ ನಿಂತು ಉಪ್ಪಿಟ್ಟು ಕೆದಕುತ್ತಿದ್ದಳು. ಕೊರಳಲ್ಲಿ ಹೊಸ ದಾರ, ಅರಿಸಿನ ಇನ್ನೂ ಹಸಿ. ಕಟ್ಟೆ ಅವಳಿಗೆ ಸರಿಯಾಗಿತ್ತು.

ಹಾರೆ ನೋಡಿದಳು. ಹಿಂದೆ ಗ್ಯಾಂಗ್ ನೋಡಿದಳು. ಅಳಲಿಲ್ಲ, ಅಡ್ಡ ನಿಲ್ಲಲಿಲ್ಲ. ಬಾಣಲೆ ಇಳಿಸಿ ನೆಲದ ಮೇಲೆ ಇಟ್ಟಳು. ಒಲೆಗೆ ನೀರು ಚಿಮುಕಿಸಿದಳು.

“ಒಡ್ಸು ಅಕ್ಕ. ಕಾನೂನು ಅಂದ್ಮೇಲೆ ಏನ್ಮಾಡದು. ಅವ್ವನೂ ಅದ್ನೇ ಯೋಳ್ತು, ಬ್ಯಾರೆ ಒಲೆ ಯಾಕೆ, ಅಕ್ಕತಂಗೀರು ಒಂದೇ ಒಲೇಲಿ ಮಾಡ್ಕಂಡ್ರೆ ಚೆಂದ ಅಂತ. ನಾ ಮುಂದಿನ್ ಅಡುಗೆಮನೇಲೇ ಮಾಡ್ಕತೀನಿ.”

ವ್ಯಂಗ್ಯ ಅಲ್ಲ. ನಿಜವಾಗಿ ಸಮಾಧಾನ ಮಾಡುತ್ತಿದ್ದಳು. ಬಾಣಲೆ ಎತ್ತಿಕೊಂಡು ಒಳಬಾಗಿಲಿಂದ ಮುಂದಕ್ಕೆ ಹೋದಳು. ನನ್ನ ಅಡುಗೆಮನೆಗೆ. ನಕ್ಷೆಯಲ್ಲಿ ಕಿಟಕಿ ಪೂರ್ವಕ್ಕೆ ಬರಲಿ ಅಂತ ನಾನೇ ಮೂರು ಸಲ ಅಳಿಸಿ ಬರೆಸಿದ ಅಡುಗೆಮನೆಗೆ. ಅಲ್ಲಿ ಪಾತ್ರೆ ಇಟ್ಟ ಸದ್ದು ಕೇಳಿತು.

ಮೊದಲ ಏಟು ಹಾಕಿದೆ. ಕಡಪ ಕಲ್ಲು ಎರಡಾಯಿತು. ಉಳಿದದ್ದಕ್ಕೆ ಗ್ಯಾಂಗಿನವರು ಕೈ ಹಾಕಿದರು.

ಓವರ್ಸಿಯರನ್ನು ಕರೆದು, ಇದು ಮುಗಿದ ಮೇಲೆ ಮುಂದಿನದನ್ನೂ ಒಡೆಯಿರಿ ಅಂದೆ. ನನಗೆ ತಲೆ ಕೆಟ್ಟಿದೆ ಅಂದುಕೊಂಡ.

“ಅದು ಪ್ಲಾನಲ್ಲಿ ಇರೋದು ಮೇಡಂ. ಮಂಜೂರಾಗಿದೆ. ಅದನ್ನ ನಾವು ಮುಟ್ಟೋ ಹಂಗಿಲ್ಲ.”

“ನಾನು ಮುಟ್ಟಬಹುದಾ?”

ಯೋಚಿಸಿದ. “ನಿಮ್ಮನೆ. ನೀವು ಒಡ್ಕೊಂಡ್ರೆ ಕೇಳೋಕೆ ಯಾವ ರೂಲ್ಸೂ ಇಲ್ಲ.”

ಅತ್ತೆ ಬೀದಿಯಲ್ಲಿ ಎದೆ ಬಡಿದುಕೊಳ್ಳುತ್ತಿದ್ದಾರೆ. ಅವನು ಅಂಗಡಿ ಬಿಟ್ಟು ಬರುತ್ತಿದ್ದಾನಂತೆ. ಬರಲಿ. ಕುಮಾರಿ ಉಪ್ಪಿಟ್ಟಿನ ಬಾಣಲೆ ಹಿಡಿದುಕೊಂಡು ಹಾಲ್‌ನಲ್ಲಿ ನಿಂತಿದ್ದಾಳೆ, ಎಲ್ಲಿ ಇಡುವುದು ಅಂತ ಗೊತ್ತಾಗದೆ. ನನ್ನ ಅಡುಗೆಮನೆಯಲ್ಲಿ ಸಿಂಕಿನ ಕಡೆಯ ಕಲ್ಲು ನನ್ನ ಹಾರೆಗೆ ಎದ್ದಿದೆ. ಕಿಟಕಿಯ ಕೆಳಗಿನದು ಇನ್ನೂ ಇದೆ. ಏಳುತ್ತೇನೆ.